ಸಹಾಯ ಬೇಕು: ಕವಲ್ ಊದಿದರೆ ಬರೀ ಗಾಳಿ ಬರುತ್ತಿದೆ

ಗೆಳೆಯರೇ, ಇಲ್ಲಿ ಯಾರಾದರೂ ಬಲ್ಗೇರಿಯಾದ ಕೊಳಲು ಕವಲ್ ಊದಿದ್ದೀರಾ? ಥಿಯೋಡೋಸಿ ಸ್ಪಾಸೊವ್ ಅವರನ್ನು ಕೇಳಿ ಹುಚ್ಚು ಹಿಡಿದು ಒಂದು ತರಿಸಿಕೊಂಡೆ. 1961ರಲ್ಲಿ ಇಸ್ಪೆರಿಹ್‌ನಲ್ಲಿ ಹುಟ್ಟಿದ ಇವರು ಕುರಿಗಾಹಿಗಳ ಈ ಮರದ ಕೊಳಲಿನಲ್ಲಿ ಜಾಝ್ ನುಡಿಸುತ್ತಾರೆ. ಊದುತ್ತಲೇ ಗಂಟಲಿನಿಂದಲೂ ಹಾಡುತ್ತಾರೆ, ಅದು ಹೇಗೋ!

ನಾನು ಕಲಿತಿರುವುದು ನಮ್ಮ ಅಡ್ಡ ಕೊಳಲು. ಕವಲ್‌ಗೆ ಊದುವ ತೂತೇ ಇಲ್ಲ. ಎರಡೂ ತುದಿ ತೆರೆದಿರುತ್ತದೆ, ಓರೆಯಾಗಿ ಹಿಡಿದು ಅಂಚಿಗೇ ಊದಬೇಕು. ಎರಡು ವಾರ ಆಯ್ತು, ಬರೀ ಗಾಳಿ. ತುಟಿ ಎಷ್ಟು ಮುಚ್ಚಬೇಕು? ಎಷ್ಟು ಓರೆ?

ತಾಳದ್ದು ಇನ್ನೊಂದು ಗೋಳು. ಅಲ್ಲಿನ ಕುಣಿತ ರಾಚೆನಿತ್ಸಾದ ತಾಳವೂ ಏಳು ಎಣಿಕೆಯದ್ದೇ, ಆದರೆ 2+2+3. ನಮ್ಮ ಕರ್ನಾಟಕ ಸಂಗೀತದ ಮಿಶ್ರಚಾಪು ತಾಳದ 3+2+2 ಕೈಗೆ ಅಂಟಿದೆ, ಸುಮ್ನೆ ಅಲ್ಲಿಗೇ ಜಾರುತ್ತೇನೆ. ಹನ್ನೊಂದು ಎಣಿಕೆಯ ಇನ್ನೊಂದು ಕುಣಿತ ಕೋಪಾನಿತ್ಸಾ ಸದ್ಯಕ್ಕೆ ಬೇಡವೇ ಬೇಡ.

ಬಲ್ಲವರು ವಿಡಿಯೋ ಕಾಲ್‌ನಲ್ಲಿ ಹತ್ತು ನಿಮಿಷ ತೋರಿಸುತ್ತೀರಾ? ಶನಿವಾರ ಸಂಜೆ ಬಿಡುವಾಗಿರುತ್ತೇನೆ.