ಡಾರ್ಕ್ ಲಾಸ್ಟ್ ಎಪಿಸೋಡ್ ನೋಡಿದೆ, ಜೋನಸ್ ಮಾರ್ಥಾ ಮಾಡಿದ್ದು ಯಾರಿಗೂ ಗೊತ್ತೇ ಆಗಲ್ವಾ? ಪೂರ್ತಿ ಸ್ಪಾಯ್ಲರ್ ಇದೆ

ಬಟವಾಡಿ ಹುಡ್ಗಿ:
ಡಾರ್ಕ್ (ನೆಟ್‌ಫ್ಲಿಕ್ಸಿನ ಜರ್ಮನ್ ಟೈಮ್ ಟ್ರಾವೆಲ್ ಸೀರೀಸ್) ನೋಡ್ದೇ ಇರೋರು ದಯವಿಟ್ಟು ಇಲ್ಲೇ ವಾಪಸ್ ಹೋಗಿ. ಅಕ್ಕ ಬೆಂಗಳೂರಿಂದ ತುಮಕೂರಿಗೆ ಬಂದಾಗ ಮಾತ್ರ ನೋಡೋದು ಅಂತ ಮಾತಾಗಿತ್ತು, ಅದಕ್ಕೆ 26 ಎಪಿಸೋಡ್ ಮುಗಿಸೋಕೆ ಇಷ್ಟು ದಿನ ಹಿಡೀತು. ಯಾರ ಮಗ ಯಾರು, ಯಾರ ತಾತ ಯಾರು ಅಂತ ಹಳೇ ನೋಟ್‌ಬುಕ್ಕಲ್ಲಿ ವಂಶವೃಕ್ಷ ಬರ್ಕೊಂಡು ಕೂತಿದ್ವಿ. ಲಾಸ್ಟ್ ಎಪಿಸೋಡಲ್ಲಿ ಅದರಲ್ಲಿದ್ದ ಅರ್ಧ ಹೆಸರು ಹುಟ್ಟಲೇ ಇಲ್ಲ ಅಂತಾಯ್ತಲ್ಲ! ಅಕ್ಕ ಅತ್ಬಿಟ್ಳು, ನಂಗೆ ಸಿಟ್ಟು ಬಂತು.

ನನ್ನ ಪ್ರಶ್ನೆ ಇಷ್ಟೇ. ಗಡಿಯಾರ ಮಾಡೋ ಟಾನ್‌ಹೌಸ್ ಮಗ ಸೊಸೆ ಮೊಮ್ಮಗು ಮೂರೂ ಜನ 1971ರಲ್ಲಿ ಕಾರ್ ಆಕ್ಸಿಡೆಂಟಲ್ಲಿ ಹೋಗ್ತಾರೆ, ಅವರನ್ನ ವಾಪಸ್ ತರ್ಬೇಕು ಅಂತ 1986ರಲ್ಲಿ ಆತ ಟೈಮ್ ಮೆಷಿನ್ ಆನ್ ಮಾಡ್ತಾನೆ, ಅಲ್ಲಿಗೆ ಆ ಒಂದು ಪ್ರಪಂಚ ಒಡೆದು ಎರಡಾಗುತ್ತೆ, ನಾವು ಮೂರು ಸೀಸನ್ ನೋಡಿದ್ದು ಆ ಎರಡೇ. ಪ್ರೇಮಿಗಳಾದ ಜೋನಸ್ ಮಾರ್ಥಾ ಮೂಲ ಪ್ರಪಂಚಕ್ಕೆ ಹೋಗಿ ಆ ಮಳೇಲಿ ಕಾರ್ ತಡೆದು ಮೂರೂ ಜನರನ್ನ ಉಳಿಸ್ತಾರೆ, ಮೆಷಿನ್ನೇ ಬೇಕಾಗಲ್ಲ, ಇವರಿಬ್ರೂ ಕರಗಿ ಹೋಗ್ತಾರೆ. ಸರಿ. ಆದ್ರೆ ಇವರು ಹುಟ್ಟಲೇ ಇಲ್ಲ ಅಂದ್ಮೇಲೆ ಕಾರ್ ತಡೆದೋರು ಯಾರು? ಅದೂ ಬಿಡಿ, ಇಷ್ಟು ನೋವು ತಿಂದೋರ ಬಗ್ಗೆ ಒಬ್ರಿಗೂ ನೆನಪಿಲ್ಲ ಅಂದ್ರೆ ಹೆಂಗೆ ಒಪ್ಕೊಳ್ಳೋದು?

ಶಿರಾ ಸೀಮೆ:
ಮೇಡಂ, ಕೊನೇಲಿ ಮೂಲ ಪ್ರಪಂಚದಲ್ಲಿ ನಡೆಯೋ ಆ ಡಿನ್ನರ್ ಸೀನ್ ಇನ್ನೊಂದ್ಸಲ ನಿಧಾನಕ್ಕೆ ನೋಡಿ, ನಿಮ್ಮ ಸಿಟ್ಟು ಅರ್ಧ ಅಲ್ಲೇ ಇಳಿಯುತ್ತೆ. ಟೇಬಲ್ ಸುತ್ತ ಯಾರವ್ರೆ? ರೆಗೀನಾ, ಕತರೀನಾ, ಹನ್ನಾ, ಪೀಟರ್, ಬೆನ್ನಿ, ವೊಲ್ಲರ್. ಯಾರಿಲ್ಲ? ಕತರೀನಾ ಗಂಡ ಉಲ್ರಿಕ್ ಇಲ್ಲ, ಮಗ ಮಿಕೆಲ್ ಇಲ್ಲ, ಮಗಳು ಮಾರ್ಥಾ ಇಲ್ಲ. ಯಾಕಂದ್ರೆ ಉಲ್ರಿಕ್ ಅಪ್ಪ ಟ್ರಾಂಟೆ, ಆ ಟ್ರಾಂಟೆ ಅಪ್ಪ ಯಾರು, ಜೋನಸ್ ಮಾರ್ಥಾ ಮಗನೇ ಅಲ್ವಾ, ಆ ಮಗನೇ ಹುಟ್ಟದಿದ್ರೆ ಟ್ರಾಂಟೆಯಿಂದ ಕೆಳಗಿನ ನೀಲ್ಸನ್ ವಂಶಾನೇ ಇಲ್ಲ. ರೆಗೀನಾ ಟ್ರಾಂಟೆ ಮಗಳು ಅಂತ ಎಷ್ಟೋ ಜನ ಅಂದ್ಕೊಂಡಿದ್ರು, ಅವಳ ಅಪ್ಪ ಬರ್ನ್ಡ್ ಡಾಪ್ಲರ್, ಅದಕ್ಕೇ ಅವಳು ಉಳ್ಕೊಂಡಳು. ನಿಮ್ಮ ನೋಟ್‌ಬುಕ್ಕಲ್ಲಿ ಹೆಸರು ಒಂದೊಂದೇ ಹೊಡೀತಾ ಬನ್ನಿ, ಕರೆಕ್ಟಾಗಿ ಈ ಆರು ಜನಾನೂ ಉಳೀತಾರೆ. ಇಷ್ಟು ಲೆಕ್ಕ ಇಟ್ಕೊಂಡು ಬರೆದ ಸೀರೀಸ್ ಬೇರೆ ನಾನು ನೋಡಿಲ್ಲ.

ನೆನಪಿಲ್ಲ ಅಂದ್ರಲ್ಲ, ಜೋನಸ್ ತಾಯಿ ಹನ್ನಾ ಏನ್ ಹೇಳ್ತಾಳೆ ನೋಡಿ. ಕರೆಂಟ್ ಹೋಗಿ ಬಂದ್ಮೇಲೆ, ಇದೆಲ್ಲ ಮುಂಚೆ ಕನಸಲ್ಲಿ ನೋಡಿದ್ದೆ, ಕತ್ತಲಾಗಿ ಪ್ರಪಂಚ ಮುಗೀತು, ಆದ್ರೂ ಹಾಯಾಗಿತ್ತು ಅಂತಾಳೆ. ಹಳದಿ ರೇನ್‌ಕೋಟ್ ಕಡೆ ನೋಡ್ತಾಳೆ, ಜೋನಸ್ ಹಾಕ್ತಿದ್ದ ಥರದ್ದೇ. ಹೊಟ್ಟೇಲಿರೋ ಮಗುಗೆ ಏನ್ ಹೆಸರಿಡ್ತೀಯ ಅಂದ್ರೆ ಜೋನಸ್ ಅಂತಾಳೆ. ಬುದ್ಧಿಗೆ ಗೊತ್ತಿಲ್ಲ, ಜೀವಕ್ಕೆ ಗೊತ್ತೈತೆ.

ಚಿಕ್ಕಬಳ್ಳಾಪುರ ಫಿಸಿಕ್ಸ್:
ಕಾರ್ ತಡೆದೋರು ಯಾರು ಅನ್ನೋದು ಸರಿಯಾದ ಪ್ರಶ್ನೆ, ಅದನ್ನ ಫೀಲಿಂಗ್ ಅಂತ ಹೇಳಿ ಮುಚ್ಚಾಕ್ಬಾರ್ದು. ಕತೆ ಒಳಗೇ ಉತ್ತರ ಇದೆ. ಅಪೋಕ್ಯಾಲಿಪ್ಸ್ (ಪ್ರಳಯ) ಆಗೋ ಹೊತ್ತಲ್ಲಿ ಒಂದು ಕ್ಷಣ ಕಾಲ ನಿಂತುಹೋಗುತ್ತೆ, ಆವಾಗ ಕಾರಣ-ಪರಿಣಾಮದ ಚೈನ್ ಕಟ್ಟಾಗಿರುತ್ತೆ, ಏನೇ ಬದಲಾಯಿಸಿದ್ರೂ ಹಳೇ ಸುತ್ತಿಗೆ ಸಿಗಲ್ಲ. ರೆಗೀನಾ ತಾಯಿ ಕ್ಲಾಡಿಯಾ ಕಂಡುಹಿಡಿದಿದ್ದು ಅದನ್ನೇ, ಆಡಮ್‌ಗೆ (ವಯಸ್ಸಾದ ಜೋನಸ್) ಹೇಳಿದ್ದೂ ಅದನ್ನೇ. ಹಂಗಾಗಿ ಕಾರ್ ತಡೆದಿದ್ದು ಆ ಎರಡು ಪ್ರಪಂಚದ ಲೆಕ್ಕಕ್ಕೆ ಬರಲ್ಲ.

ಆದ್ರೆ ನನಗೆ ಇದು ಪೂರ್ತಿ ಸಮಾಧಾನ ಕೊಡಲ್ಲ, ನೇರವಾಗಿ ಹೇಳ್ತೀನಿ. ಎರಡು ಸೀಸನ್ ಉದ್ದಕ್ಕೂ ಯಾವುದನ್ನೂ ಬದಲಾಯಿಸೋಕಾಗಲ್ಲ, ತಪ್ಪಿಸೋಕೆ ಹೋದೋನೇ ಅದನ್ನ ಮಾಡ್ತಾನೆ ಅಂತ ಗಟ್ಟಿಯಾಗಿ ಕಟ್ಟಿದ್ರು, 33 ವರ್ಷದ ಸುತ್ತು, 1953, 1986, 2019, ಎಲ್ಲ ಗಡಿಯಾರದ ಹಲ್ಲು ಕೂತಂಗೆ ಕೂತಿತ್ತು. ಕೊನೇ ಸೀಸನ್ನಲ್ಲಿ ಬಂದು ಒಂದು ಕ್ಷಣ ರೂಲ್ ಇರಲ್ಲ ಅಂದ್ಬಿಟ್ರು. ಅದನ್ನ ಮೊದಲ್ನೇ ಸೀಸನ್ನಲ್ಲೇ ಎಲ್ಲೋ ಒಂದು ಕಡೆ ಬಿತ್ತಿದ್ರೆ ನಾನು ತಲೆ ಮೇಲೆ ಇಟ್ಕೊಂಡು ಕುಣೀತಿದ್ದೆ. ಆಡಮ್ ಗನ್ ಹಿಡ್ಕೊಂಡು ಇವಾ (ವಯಸ್ಸಾದ ಮಾರ್ಥಾ) ಹತ್ರ ಬಂದು, ಪ್ರತೀ ಸುತ್ತಲ್ಲೂ ಕೊಂದೋನು ಈ ಸಲ ಕೊಲ್ಲದೇ ನಿಲ್ತಾನಲ್ಲ, ಅದು ಮಾತ್ರ ಈ ಸೀರೀಸಿನ ಬೆಸ್ಟ್ ಸೀನ್, ಅದಕ್ಕೆ ಯಾವ ಥಿಯರಿನೂ ಬೇಡ.

ಕೆಜಿಎಫ್ ಮಾರಿಕುಪ್ಪಂ:
ನಾನು ಕೋಲಾರ ಜಿಲ್ಲೆ ಕೆಜಿಎಫ್‌ನೋನು. ನೀವೆಲ್ಲ ಜೋನಸ್ ಮಾರ್ಥಾ ಅಂತಿದ್ದೀರ, ನನ್ನ ಹಿಡ್ಕೊಂಡಿದ್ದು ಆ ಡಿನ್ನರಲ್ಲಿ ವಿಂಡನ್ (ಕತೆ ನಡೆಯೋ ಊರು) ಇಲ್ಲದ ಪ್ರಪಂಚಕ್ಕೆ ಅಂತ ಗ್ಲಾಸ್ ಎತ್ತೋದು. ಊರಲ್ಲಿರೋರೇ ಊರು ಬೇಡ ಅಂತಾರಲ್ಲ, ಅದು ನಂಗೆ ಅರ್ಥ ಆಗುತ್ತೆ. ವಿಂಡನ್‌ಗೆ ನ್ಯೂಕ್ಲಿಯರ್ ಪ್ಲಾಂಟು, ಕೆಳಗೆ ಗುಹೆ. ನಮಗೆ ಚಿನ್ನದ ಗಣಿ, ಮೂರು ಕಿಲೋಮೀಟರ್‌ಗಿಂತ ಆಳ. 2001ರ ಫೆಬ್ರವರಿಲಿ ಗಣಿ ಮುಚ್ಚಿದ್ಮೇಲೆ ಉಳಿದಿದ್ದು ಸೈನೈಡ್ ದಿಬ್ಬ, ಬೆಳಗಿನ ಜಾವ ಬೆಂಗಳೂರಿಗೆ ಹೊರಡೋ ಟ್ರೈನಲ್ಲಿ ಟಿಫನ್ ಬಾಕ್ಸ್ ತೊಡೆ ಮೇಲಿಟ್ಕೊಂಡು ನಿದ್ದೆ ಮಾಡೋ ಜನ. ಊರು ಬಿಟ್ಟೋಗ್ಬೇಕು ಅಂತಾನೂ ಅಂತೀವಿ, ರಾತ್ರಿ ಅದೇ ಟ್ರೈನಲ್ಲಿ ವಾಪಸ್ಸೂ ಬರ್ತೀವಿ.

ಇನ್ನೊಂದು, ಭೂಮಿ ಒಳಗೆ ಕೂತು ವಿಶ್ವದ ಗುಟ್ಟು ಹುಡುಕೋದು ಸಿನಿಮಾದೋರ ಕಲ್ಪನೆ ಮಾತ್ರ ಅಂತ ಯಾರೂ ಅನ್ಕೋಬೇಡಿ. 1965ರಲ್ಲಿ ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಅನ್ನೋ ಸೂಕ್ಷ್ಮ ಕಣಾನ ಪತ್ತೆ ಮಾಡಿದ್ದು ನಮ್ಮ ಗಣಿ ಒಳಗೆ, ಮುಂಬೈನ ಟಾಟಾ ಇನ್‌ಸ್ಟಿಟ್ಯೂಟ್‌ನೋರು ಜಪಾನ್, ಇಂಗ್ಲೆಂಡ್ ವಿಜ್ಞಾನಿಗಳ ಜೊತೆ ಸೇರಿ. ಮೇಲಿರೋ ಅಷ್ಟು ಬಂಡೆ ಬೇರೆ ಕಣಗಳನ್ನೆಲ್ಲ ತಡೆಯುತ್ತೆ, ನ್ಯೂಟ್ರಿನೋ ಮಾತ್ರ ಬಂಡೆ ದಾಟ್ಕೊಂಡು ಬರುತ್ತೆ, ಅದಕ್ಕೇ ಅಷ್ಟು ಆಳ ಬೇಕಿತ್ತು. ನಮ್ಮೂರ ಕೆಳಗೂ ಒಂದು ಬಾಗಿಲಿತ್ತು ಕಣ್ರಪ್ಪ.

ಬಟವಾಡಿ ಹುಡ್ಗಿ:
ಕೆಜಿಎಫ್ ಅಣ್ಣಾ, ನ್ಯೂಟ್ರಿನೋ ವಿಷಯ ನಂಗೆ ಗೊತ್ತೇ ಇರ್ಲಿಲ್ಲ, ಅಕ್ಕನಿಗೆ ಆಗ್ಲೇ ಕಳಿಸ್ದೆ.

ಶಿರಾದೋರು ಹೇಳಿದ್ಮೇಲೆ ನೋಟ್‌ಬುಕ್ ತೆಗೆದು ಹೆಸರು ಹೊಡೆದೆ, ಕರೆಕ್ಟಾಗಿ ಕೂತ್ಕೊಳ್ತು. ಮೂಲ ಪ್ರಪಂಚದ ಮಗು ಷಾರ್ಲೆಟ್ಟೂ ನಾವು ನೋಡಿದ ಪೀಟರ್ ಹೆಂಡ್ತಿ ಷಾರ್ಲೆಟ್ಟೂ ಬೇರೆ ಬೇರೆ ಅಂತ ಈಗ ಬರೆದಿಟ್ಕೊಂಡೆ. ಆದ್ರೆ ಫಿಸಿಕ್ಸ್ ಅವರ ಮಾತೇ ನಂದೂ, ಆ ಒಂದು ಕ್ಷಣದ ರೂಲ್ ತುಂಬಾ ಲೇಟಾಗಿ ಬಂತು. ಹನ್ನಾ ವಿಷಯದಲ್ಲೂ ಒಂದು ತಕರಾರಿದೆ. ಇಡೀ ಕತೇಲಿ ಸುಳ್ಳು ಹೇಳಿ ಎಷ್ಟೋ ಜನರ ಬಾಳು ಹಾಳು ಮಾಡಿದ ಹನ್ನಾಗೆ ನೆನಪು ಬಂತು, ಕತರೀನಾಗೆ ಮಿಕೆಲ್ ಹೆಸರು ಒಂದ್ಸಲಾನೂ ಬಾಯಿಗೆ ಬರ್ಬಾರ್ದಿತ್ತಾ? ಮಗನ್ನ ಹುಡುಕ್ತಾ 1987ಕ್ಕೆ ಹೋಗಿ ಸತ್ತ ತಾಯಿ ಅವಳು.

ಶಿರಾ ಸೀಮೆ:
ಕತರೀನಾ ವಿಷಯ ನೀವು ಹೇಳಿದ್ದು ನ್ಯಾಯ, ಅದಕ್ಕೆ ನನ್ನತ್ರ ಉತ್ತರ ಇಲ್ಲ. ಹನ್ನಾದು ಮಾತ್ರ ಹಿಂಗ್ ನೋಡಿ, ಅವಳು ಆಸೆಪಟ್ಟಿದ್ದ ಉಲ್ರಿಕ್ ಇಲ್ಲದ ಊರಲ್ಲಿ ಅವಳಿಗೆ ಹೊಟ್ಟೆಕಿಚ್ಚು ಪಡೋಕೆ ಯಾರೂ ಇಲ್ಲ, ಕತರೀನಾ ಪಕ್ಕದಲ್ಲೇ ಕೂತು ನಗ್ತಾವಳೆ. ಅಕ್ಕ ಮುಂದಿನ ಸಲ ಬಂದಾಗ ಮೊದಲ್ನೇ ಸೀಸನ್ ಮತ್ತೆ ಹಾಕಿ, ಹನ್ನಾ ಬರೋ ಸೀನ್ ಎಲ್ಲ ಬೇರೆ ಥರ ಕಾಣ್ಸುತ್ತೆ.