ಅಪ್ಪ ಪೇಪರ್ ಓದುತ್ತಾರೆ, ಹೊಸ್ತಿಲು ಮಾತ್ರ ಎಡವುತ್ತಾರೆ. ಅವರಿಗೆ ಏನು ಕಾಣುತ್ತಿರಬಹುದು?

ಶಿವಮೊಗ್ಗದಿಂದ, ಕೇಳುತ್ತಿರುವವಳು:
ಅಪ್ಪನಿಗೆ 71 ವರ್ಷ. ಗ್ಲಾಕೋಮಾ, ಅಂದರೆ ಕಣ್ಣಿನ ನರ ಸವೆಯುವ ಕಾಯಿಲೆ, ಇದೆ ಅಂತ ಹೋದ ತಿಂಗಳು ಗೊತ್ತಾಯಿತು. ಪೇಪರಿನ ಸಣ್ಣ ಅಕ್ಷರವನ್ನೂ ಸರಾಗವಾಗಿ ಓದುತ್ತಾರೆ. ಆದರೆ ಪಕ್ಕದಲ್ಲಿಟ್ಟ ಕಾಫಿ ಲೋಟ ಕೈತಾಗಿ ಉರುಳುತ್ತದೆ, ಹೊಸ್ತಿಲು ಎಡವುತ್ತಾರೆ. "ನೋಡ್ಕೊಂಡು ನಡೀಬಾರ್ದಾ ಅಪ್ಪ" ಅಂತ ಎರಡು ವರ್ಷ ಗದರಿದ್ದೇವೆ. ಈಗ ನೆನೆದರೆ ಹೊಟ್ಟೆಯಲ್ಲಿ ಸಂಕಟ. ಕೇಳಿದರೆ "ಎಲ್ಲಾ ಕಾಣುತ್ತಲ್ಲಮ್ಮ" ಅಂತಾರೆ. ಕಣ್ಣಿನ ಯಾವ ತೊಂದರೆ ಇರುವವರಾದರೂ ಸರಿ, ನಿಮಗೆ ಅಥವಾ ನಿಮ್ಮ ಮನೆಯವರಿಗೆ ಹೇಗೆ ಕಾಣುತ್ತದೆ, ಹೇಳುತ್ತೀರಾ?

ಮೈಸೂರಿನಿಂದ, ಒಂಬತ್ತು ವರ್ಷದಿಂದ ಗ್ಲಾಕೋಮಾ ಇರುವವರು:
ತಾಯಿ, ನಿಮ್ಮ ತಂದೆ ಸುಳ್ಳು ಹೇಳುತ್ತಿಲ್ಲ. ಅವರ ಮಟ್ಟಿಗೆ ಎಲ್ಲವೂ ಕಾಣುತ್ತಿದೆ.

ಈ ಕಾಯಿಲೆಯ ಚಿತ್ರ ಅಂದರೆ ಸುತ್ತ ಕಪ್ಪು, ನಡುವೆ ಕೊಳವೆಯಲ್ಲಿ ನೋಡಿದ ಹಾಗೆ ಒಂದಿಷ್ಟು ಬೆಳಕು ಅಂತ ತೋರಿಸುತ್ತಾರೆ. ನನಗೆ ಕಪ್ಪು ಎಂದೂ ಕಂಡಿಲ್ಲ. ಒಂದು ಕಣ್ಣು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ. ಎರಡೂ ಬಿಟ್ಟ ಜಾಗಕ್ಕೆ ಮಿದುಳು ಅಕ್ಕಪಕ್ಕದ ಬಣ್ಣವನ್ನೇ ಬಳಿದು ಮುಚ್ಚಿಬಿಡುತ್ತದೆ. ಗೋಡೆ ಪೂರ್ತಿ ಗೋಡೆಯಾಗಿಯೇ ಇರುತ್ತದೆ, ಅದಕ್ಕೆ ಒರಗಿ ನಿಂತ ಮೊಮ್ಮಗಳು ಮಾತ್ರ ಇರುವುದಿಲ್ಲ. ಅವಳು "ತಾತ" ಅಂದಾಗ ಎಲ್ಲಿಂದಲೋ ಉದುರಿದ ಹಾಗೆ ಎದುರಾಗುತ್ತಾಳೆ.

ನನಗೆ ಇದು ಮನವರಿಕೆಯಾದದ್ದು ಸುತ್ತಲ ನೋಟ ಅಳೆಯುವ ಫೀಲ್ಡ್ ಟೆಸ್ಟಿನ ದಿನ. ಬೋಗುಣಿಯಂಥ ಯಂತ್ರಕ್ಕೆ ಗದ್ದ ಆನಿಸಿ, ನಡುವಿನ ಚುಕ್ಕೆಯನ್ನೇ ನೋಡುತ್ತಾ, ಬೆಳಕು ಮಿನುಗಿದಾಗಲೆಲ್ಲ ಗುಂಡಿ ಒತ್ತಬೇಕು. ನಡುನಡುವೆ ಬಹಳ ಹೊತ್ತು ಬೆಳಕೇ ಬರಲಿಲ್ಲ, ಯಂತ್ರ ಕೆಟ್ಟಿತೇನೋ ಅಂದುಕೊಂಡೆ. ಆಮೇಲೆ ಹಾಳೆ ಕೈಗೆ ಬಂತು. ಕೆಳಗಿನ ಅರ್ಧ ಕಪ್ಪಾಗಿತ್ತು. ಅಲ್ಲೆಲ್ಲ ಬೆಳಕು ಬಂದು ಹೋಗಿತ್ತು, ನನಗೆ ಕಂಡಿರಲಿಲ್ಲ. ನಿಮ್ಮ ತಂದೆಯ ಹಾಳೆಯನ್ನೂ ಡಾಕ್ಟರ ಹತ್ತಿರ ಕೇಳಿ ನೋಡಿ, ಹೊಸ್ತಿಲು ಯಾಕೆ ತಪ್ಪುತ್ತಿದೆ ಅಂತ ಅದರಲ್ಲೇ ತಿಳಿಯಬಹುದು.

ಹೋದ ನೋಟ ಮರಳುವುದಿಲ್ಲ. ಡ್ರಾಪ್ಸ್ ಇರುವುದು ಉಳಿದದ್ದನ್ನು ಕಾಯಲಿಕ್ಕೆ. ಹಾಕಿದರೂ ಏನೂ ವ್ಯತ್ಯಾಸ ಗೊತ್ತಾಗದ ಕಾರಣ ಬಿಟ್ಟುಬಿಡುವವರು ಬಹಳ ಮಂದಿ, ಅದೊಂದನ್ನು ಆಗಗೊಡಬೇಡಿ. ಹಾಕಿದ ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿಕೊಳ್ಳಲಿ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ. ಇನ್ನೊಂದು ಮಾತು, ಇದು ಮನೆತನದಲ್ಲಿ ಬರುವಂಥದ್ದು. ಮಕ್ಕಳೆಲ್ಲ ತಪಾಸಣೆ ಮಾಡಿಸಿಕೊಳ್ಳಿ. ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದ ಒಳಗೆ ಇರುತ್ತದೆ, ಆದರೆ ಅಷ್ಟರೊಳಗೇ ಇದ್ದೂ ನರ ಸವೆದವರಿದ್ದಾರೆ. ಒತ್ತಡ ಒಂದನ್ನೇ ನೋಡಿಸಿ ಸುಮ್ಮನಾಗಬೇಡಿ, ನರವನ್ನೂ ನೋಡಿಸಿ.

ಧಾರವಾಡದಿಂದ:
ನಮ್ಮ ಅವ್ವಗ ಪೊರಿ ಬಂದಿತ್ರಿ. ಅದು ಬ್ಯಾರೆನ ನಮೂನಿ. ಯಾವುದೂ ಮಾಯ ಆಗೂದಿಲ್ಲ, ಎಲ್ಲಾ ಮಸಕ. ಹಬಿ ಕೂತ ಗಾಜಿನ್ಯಾಗ ನೋಡಿಧಂಗ ಅಂತಿದ್ಲು. ರಾತ್ರಿ ಎದುರಿನ ಗಾಡಿ ಲೈಟ್ ಕಣ್ತುಂಬ ಹರಡಿಬಿಡ್ತಿತ್ತು. ಒಂದಷ್ಟು ದಿನ ಚಾಳೀಸ ಇಲ್ಲದ ಓದಾಕ ಹತ್ತಿದ್ಲು, ಕಣ್ಣು ಸುಧಾರ್ಸೇತಿ ಅಂತ ಖುಷಿಪಟ್ವಿ. ಅದೂ ಪೊರಿದ ಲಕ್ಷಣ ಅಂತ ಆಮ್ಯಾಲ ತಿಳೀತು. ಆಪರೇಶನ್ ಆದ ಮರುದಿನ ತನ್ನ ಬಿಳಿ ಸೀರಿ ನೋಡಿ "ಇದಕ್ಕ ಇಷ್ಟ ನೀಲಿ ಯಾಕ ಹಾಕೀರಿ" ಅಂದ್ಲು. ಅಷ್ಟು ವರ್ಷ ಆಕಿಗೆ ಬಿಳಿ ಅನ್ನೂದು ಚಹಾದ ಬಣ್ಣ ಆಗಿತ್ತು.

ನಮ್ಮ ಅಜ್ಜಿಗೆ ಡಾ. ಎಂ. ಸಿ. ಮೋದಿಯವರ ಕ್ಯಾಂಪಿನ್ಯಾಗ ಆಪರೇಶನ್ ಆಗಿತ್ತು. ಆಗ ಪೊರಿ ತಗದು ದಪ್ಪ ಚಾಳೀಸ ಕೊಡ್ತಿದ್ರು, ಈಗಿನಂಗ ಒಳಗ ಲೆನ್ಸ್ ಕೂಡಸೂದು ಇರಲಿಲ್ಲ. ಆ ಚಾಳೀಸದಾಗ ಎಲ್ಲಾ ಕಾಲುಪಾಲು ದೊಡ್ಡದಾಗಿ, ಹತ್ತಿರ ಬಂಧಂಗ ಕಾಣತಿತ್ತು. ತಂಬಿಗಿಗೆ ಕೈ ಚಾಚಿದ್ರ ಕೈ ಇನ್ನೂ ಗೇಣು ದೂರ ಉಳೀತಿತ್ತು. ಆದ್ರೂ ಮೊಮ್ಮಕ್ಕಳ ಮಾರಿ ಕಾಣ್ತಾವಲ್ಲ ಅಂತ ಆ ಡಾಕ್ಟರಿಗೆ ದಿನಾ ಕೈಮುಗೀತಿದ್ಲು.

ಉಡುಪಿಯಿಂದ:
ನಮ್ಮ ಅಮ್ಮನಿಗೆ ನಿಮ್ಮ ತಂದೆಗೆ ಪೂರಾ ತಿರುಗುಮುರುಗು. ಮ್ಯಾಕುಲಾ, ಅಂದರೆ ಕಣ್ಣಿನ ಒಳಪರದೆಯ ನಡುಭಾಗ, ಸವೆದಿದೆ, ನಟ್ಟನಡುವೆ ಮಸುಕು. ನೆಲಕ್ಕೆ ಬಿದ್ದ ಸೂಜಿಯನ್ನು ಓರೆಗಣ್ಣಲ್ಲಿ ಕಂಡು ಹೆಕ್ಕಿ ಕೊಡುತ್ತಾರೆ, ಎದುರು ನಿಂತ ನನ್ನ ಮುಖ ಕಾಣುವುದಿಲ್ಲ. ನೆಂಟರ ಮನೆಯವರು "ನೋಡಿದರೂ ಮಾತಾಡಿಸಲಿಲ್ಲ, ಜಂಬ" ಅಂದದ್ದುಂಟು. ಶುರುವಾದದ್ದು ಬಾಗಿಲ ಚೌಕಟ್ಟು ಡೊಂಕಾಗಿ ಕಾಣುವುದರಿಂದ. ಬಚ್ಚಲಿನ ಟೈಲ್ಸ್ ಗೆರೆಯನ್ನು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಅಲೆಅಲೆಯಾಗಿ ಕಂಡರೆ ಆ ವಾರವೇ ಡಾಕ್ಟರ ಹತ್ತಿರ ಹೋಗಿ. ಕೆಲವು ಬಗೆಗೆ ಕಣ್ಣಿಗೆ ಕೊಡುವ ಇಂಜೆಕ್ಷನ್ ಇದೆ, ತಡವಾದರೆ ಉಪಯೋಗ ಕಡಿಮೆ.

ಇದನ್ನು ಹೇಳಲೇಬೇಕು: ಹೋದ ಮಳೆಗಾಲದಲ್ಲಿ ಅಮ್ಮನಿಗೆ ಅಂಗಳದಲ್ಲಿ ಬಣ್ಣದ ಅಂಗಿ ತೊಟ್ಟ ಮಕ್ಕಳು ಕಾಣತೊಡಗಿದರು. ಮಾತಿಲ್ಲ, ಸದ್ದಿಲ್ಲ, ಸುಮ್ಮನೆ ಕೂತಿರುತ್ತಾರಂತೆ. ಬುದ್ಧಿ ಕೆಟ್ಟಿತು ಅಂತ ನಾವು ತಿಳಿದೇವು ಎಂಬ ಹೆದರಿಕೆಗೆ ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ಗೊತ್ತಾದಾಗ ಮನೆಯಲ್ಲಿ ಜೋಯಿಸರಲ್ಲಿ ಪ್ರಶ್ನೆ ಇಡುವ ಮಾತೂ ಬಂತು. ಡಾಕ್ಟರು ಸಮಾಧಾನ ಮಾಡಿದರು: ನೋಟ ಕುಂದಿದಾಗ ಮಿದುಳು ತಾನೇ ಚಿತ್ರ ಕಟ್ಟುವುದುಂಟು, ಹುಚ್ಚಲ್ಲ. ಜಿನೀವಾದ ಚಾರ್ಲ್ಸ್ ಬೊನೆ ಎಂಬವರು ತಮ್ಮ ಅಜ್ಜನಿಗೆ ಹೀಗಾದದ್ದನ್ನು 1760ರಲ್ಲೇ ಬರೆದಿಟ್ಟಿದ್ದಾರಂತೆ, ಅವರ ಹೆಸರೇ ಇದಕ್ಕೆ. ಅಷ್ಟು ಕೇಳಿ ಅಮ್ಮ ಅತ್ತುಬಿಟ್ಟರು.

ತುಮಕೂರಿನಿಂದ, ಸಕ್ಕರೆ ಕಾಯಿಲೆಯವರು:
ನನಗೆ ಶುಗರ್ ಏರಿಳಿದಂತೆ ನೋಟವೂ ಏರಿಳಿಯುತ್ತೆ. ಒಂದಿನ ಜೇಡರ ಬಲೆ ತೇಲಿದ ಹಾಗಾಯ್ತು, ಒಳಗೆ ರಕ್ತ ಒಸರಿತ್ತು. ಲೇಸರ್ ಆಗಿದೆ. ಮಿಂಚು ಹೊಡೆದಂತೆ ಆದ್ರೆ, ಪರದೆ ಇಳಿದಂತೆ ಆದ್ರೆ ಬೆಳಗಾಗೋವರೆಗೂ ಕಾಯಬೇಡಿ.

ಶಿವಮೊಗ್ಗದಿಂದ, ಮತ್ತೆ ನಾನೇ:
ಎಲ್ಲರಿಗೂ ಕೈಮುಗಿದೆ. ಹಾಳೆ ತರಿಸಿ ನೋಡಿದೆ ಸರ್. ಎರಡೂ ಕಣ್ಣಿಗೆ ಕೆಳಗಡೆ ಕಪ್ಪು, ಎಡಗಣ್ಣಿಗೆ ಹೆಚ್ಚು. ಹೊಸ್ತಿಲಿಗೂ ಮೆಟ್ಟಿಲಂಚಿಗೂ ಹಳದಿ ಟೇಪ್ ಅಂಟಿಸಿದ್ದೇವೆ. ಲೋಟವನ್ನು ಅಪ್ಪನ ಕೈಗೇ ಕೊಡುತ್ತೇನೆ. ನಾನೂ ಅಣ್ಣನೂ ಸೋಮವಾರ ತಪಾಸಣೆಗೆ ಹೋಗುತ್ತಿದ್ದೇವೆ. ಸ್ಕೂಟರ್ ಮಾತು ಎತ್ತಲು ಮಾತ್ರ ಧೈರ್ಯವಾಗುತ್ತಿಲ್ಲ. ನೀವು ಗಾಡಿ ಓಡಿಸುವುದನ್ನು ನಿಲ್ಲಿಸಿದಿರಾ?

ಮೈಸೂರಿನಿಂದ:
ನಿಲ್ಲಿಸಿದೆ ತಾಯಿ. ಪಕ್ಕದಿಂದ ಬಂದ ಸೈಕಲ್ ಹುಡುಗ ಕಾಣಲೇ ಇಲ್ಲ. ಅವನಿಗೆ ಏನೂ ಆಗಲಿಲ್ಲ, ಅವತ್ತೇ ಕೀಲಿ ಮಗನ ಕೈಗೆ ಕೊಟ್ಟೆ. ನಿಮ್ಮ ತಂದೆಯ ಫೋನ್‌ಗೆ ನಾನು ಮಾತಾಡಲೇ? ಮಕ್ಕಳು ಹೇಳಿದ್ದಕ್ಕಿಂತ ಇದೇ ಕಾಯಿಲೆಯವನು ಹೇಳಿದರೆ ಕೇಳಿಯಾರು.