ಮನೆ ಒಕ್ಕಲಿಗೆ ಯಾವ ಲೋಟ?

ಉಡುಪಿಯ ಹೊಸ ಮನೆಯ ಒಕ್ಕಲಿಗೆಂದು ಭಾವ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಜಾಹೀರಾತೊಂದನ್ನು ಹಾಕಿದರು. ಮೆಕ್ಕೆಜೋಳದಿಂದ ಮಾಡಿದ ಪಿಎಲ್‌ಎ ಎಂಬ ಜೈವಿಕ ಪ್ಲಾಸ್ಟಿಕ್ಕಿನ ಲೋಟ, ಮಣ್ಣಿಗೆ ಎಸೆದರೆ ಗೊಬ್ಬರ, ಪೆಟ್ರೋಲಿಯಂ ಪ್ಲಾಸ್ಟಿಕ್ಕಿನ ಕಾಲ ಮುಗಿಯಿತು ಎಂದು ಅದರಲ್ಲಿತ್ತು.

ಚಿಕ್ಕಪ್ಪ: ಅಳಿಯಂದಿರೇ, ಅದು ಅಷ್ಟು ಬೇಗ ಮುಗಿಯುವ ಕಾಲವಲ್ಲ. ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನ ಘಟಕವೊಂದಕ್ಕೇ ವರ್ಷಕ್ಕೆ 4.4 ಲಕ್ಷ ಟನ್ ಪಾಲಿಪ್ರೊಪಿಲೀನ್ ಎಂಬ ಪೆಟ್ರೋಲಿಯಂ ಪ್ಲಾಸ್ಟಿಕ್ ತಯಾರಿಸುವ ಸಾಮರ್ಥ್ಯವಿದೆ. ಅದರ ಕಚ್ಚಾವಸ್ತುವಾದ ಪ್ರೊಪಿಲೀನ್ ಅನಿಲ ಅದೇ ಸಂಸ್ಕರಣಾಗಾರದಲ್ಲಿ ಸಿಗುತ್ತದೆ. ಈ ಲೋಟಕ್ಕಾದರೋ ಜೋಳದ ಪಿಷ್ಟವನ್ನು ಸಕ್ಕರೆಯಾಗಿಸಿ, ಹುದುಗಿಸಿ, ಲ್ಯಾಕ್ಟಿಕ್ ಆಮ್ಲ ಪಡೆದು, ಶುದ್ಧೀಕರಿಸಿ, ಬಳಿಕ ಅಣುಗಳನ್ನು ಸರಪಳಿಯಾಗಿ ಜೋಡಿಸಬೇಕು. ಬೆಲೆಯಲ್ಲಿ ಅದು ಹೇಗೆ ಸರಿಗಟ್ಟೀತು?

ಭಾವ: ದೊಡ್ಡ ಪ್ರಮಾಣದಲ್ಲಿ ಮಾಡಿದರೆ ಇಳಿಯುತ್ತದಲ್ಲ ಮಾವ? ಬ್ರೆಜಿಲ್‌ನ ಬ್ರಾಸ್ಕೆಮ್ ಕಂಪನಿ 2010ರಿಂದಲೇ ಕಬ್ಬಿನ ಎಥನಾಲ್‌ನಿಂದ ಪಾಲಿಥೀನ್ ಮಾಡುತ್ತಿದೆ.

ಚಿಕ್ಕಪ್ಪ: ಹೌದು, ಹೆಚ್ಚು ಬೆಲೆ ಕೊಡುವ ಗ್ರಾಹಕರನ್ನು ನಂಬಿ ಮಾಡುತ್ತಿದೆ. ಹಳೆಯ ಯಂತ್ರಗಳಲ್ಲೇ ಓಡುತ್ತದೆ ಎಂಬುದು ಅದರ ದೊಡ್ಡ ಅನುಕೂಲ. ಆದರೆ ಅಣುರಚನೆಯಲ್ಲಿ ಅದು ಮಾಮೂಲಿ ಪಾಲಿಥೀನೇ ಆದ್ದರಿಂದ ಮಣ್ಣಲ್ಲಿ ಕೊಳೆಯುವುದಿಲ್ಲ.

ನಾನು: ಚಿಕ್ಕಪ್ಪ, ನಿಮ್ಮ ಲೆಕ್ಕ ಕಾರ್ಖಾನೆಯ ಗೇಟಿನವರೆಗೆ ಮಾತ್ರ ಬರುತ್ತದೆ. 2019ರ ಆಗಸ್ಟ್‌ನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಪಕ್ಕದ ಮಂದಾರ ಎಂಬ ಊರಿನ ಮನೆ, ತೋಟಗಳ ಮೇಲೆ ಬಂತಲ್ಲ, ಅಲ್ಲಿ ಅಡಿಕೆ, ತೆಂಗು ಕಳೆದುಕೊಂಡವರ ನಷ್ಟವನ್ನು ಯಾವ ಲೋಟದ, ಯಾವ ಚೀಲದ ಬೆಲೆಗೂ ಯಾರೂ ಸೇರಿಸಲಿಲ್ಲ. ಆ ಖರ್ಚನ್ನು ಊರಿನವರ ತಲೆಗೆ ಕಟ್ಟಿ ಉಳಿದದ್ದನ್ನು ಅಗ್ಗ ಎನ್ನುವುದನ್ನು ನಾನು ಒಪ್ಪಲಾರೆ.

ಅಕ್ಕ: ಈ ಲೋಟವೂ ಅದೇ ರಾಶಿಗೆ ಹೋದರೆ ವ್ಯತ್ಯಾಸವೇನು? ಪಿಎಲ್‌ಎ ಗೊಬ್ಬರವಾಗಲು ಸುಮಾರು 60 ಡಿಗ್ರಿ ಶಾಖವನ್ನು ವಾರಗಟ್ಟಲೆ ಉಳಿಸಿಕೊಳ್ಳುವ ಘಟಕ ಬೇಕು. ತೋಟದ ಗುಂಡಿಯಲ್ಲಿ ಅದು ವರ್ಷಗಟ್ಟಲೆ ಹಾಗೆಯೇ ಬಿದ್ದಿರುತ್ತದೆ. ಸಾಮಾನ್ಯ ಪಿಎಲ್‌ಎ ಅಷ್ಟೇ ಶಾಖಕ್ಕೆ ಮೆತ್ತಗೂ ಆಗುತ್ತದೆ. ಬಂದವರಿಗೆ ಬಿಸಿ ಕಾಫಿ ಕೊಡುವುದು ಬೇಡವೇ?

ನಾನು: ಅಕ್ಕ ಹೇಳಿದ್ದು ನಿಜ, ಜಾಹೀರಾತು ಹೇಳಿದ್ದು ಸುಳ್ಳು. ಆದರೂ ಈ ವಸ್ತುವಿಗೆ ಅದರದೇ ಜಾಗವಿದೆ ಎಂದು ನಾನು ನಂಬುತ್ತೇನೆ. ಹಸಿ ಕಸವನ್ನು ಬೇರೆಯಾಗಿ ಒಯ್ದು ಅಂಥ ಘಟಕದಲ್ಲಿ ಗೊಬ್ಬರ ಮಾಡುವ ಕಡೆ, ಕಸದ ಜೊತೆಗೇ ಕೊಳೆಯುವ ಚೀಲವು ಬಿಡಿಸುವ, ತೊಳೆಯುವ ಕೂಲಿಯನ್ನು ಉಳಿಸುತ್ತದೆ. ಅಲ್ಲಿ ಅದು ಹೆಚ್ಚಿನ ಬೆಲೆಗೂ ನಿಲ್ಲಬಲ್ಲದು. ಕೊಡಪಾನಕ್ಕೆ, ಹಗ್ಗಕ್ಕೆ ಪಾಲಿಪ್ರೊಪಿಲೀನಿನ ಎದುರು ಅದನ್ನು ನಿಲ್ಲಿಸುವುದು ನ್ಯಾಯವಲ್ಲ.

ಚಿಕ್ಕಪ್ಪ: ಅಷ್ಟನ್ನು ನಾನೂ ಒಪ್ಪುತ್ತೇನೆ.

ಭಾವ: ಹಾಗಾದರೆ ಊಟಕ್ಕೆ ಬಾಳೆಎಲೆ ಇದ್ದೇ ಇದೆ, ಲೋಟಕ್ಕೆ ಪಾತ್ರೆ ಬಾಡಿಗೆಯವರಲ್ಲಿ 300 ಸ್ಟೀಲಿನದ್ದು ಹೇಳಿಡುತ್ತೇನೆ.